ಗೆಣ್ಣು ಕಪ್ಪಾದ ಕೂಸು

"ಬಿಸ್ಲಿಗೆ ಕಪ್ಪಾಗೈತಿ ಅನ್ಕೊಂಡಿದ್ವಿರಿ ಡಾಕ್ಟ್ರ" ಎಂದು ಅಜ್ಜಿ ಮೊಮ್ಮಗನ ಕೈ ತೋರಿಸಿದರು. 11 ತಿಂಗಳ ಕೂಸು. ಬೆರಳಿನ ಗೆಣ್ಣುಗಳ ಮೇಲೆ ಮಸಿ ಬಳಿದಂಥ ಕಪ್ಪು. ಕೂದಲು ತೆಳ್ಳಗಾಗಿ ಕೆಂಚು ತಿರುಗಿತ್ತು. ಎರಡು ತಿಂಗಳಿಂದ ಮುಲಾಮು ಹಚ್ಚುತ್ತಲೇ ಇದ್ದರು.

ಕೂಸು ಸೊರಗಿರಲಿಲ್ಲ, ದುಂಡದುಂಡಗೇ ಇತ್ತು. ಅದಕ್ಕೇ ಯಾರಿಗೂ ಅಪೌಷ್ಟಿಕತೆಯ ಸಂಶಯ ಬಂದಿರಲಿಲ್ಲ. ನನ್ನನ್ನು ಕಾಡಿದ್ದು ಅದರ ಮುಖ. ಗಿಲಕಿ ಆಡಿಸಿದರೂ ಕಣ್ಣು ಹೊರಳಿಸಲಿಲ್ಲ, ನಗಲಿಲ್ಲ. ಎಂಟನೇ ತಿಂಗಳಲ್ಲಿ ಕೂರುತ್ತಿದ್ದದ್ದು ಈಗ ಕೂರುವುದನ್ನೇ ಬಿಟ್ಟಿದೆ ಎಂದರು ತಾಯಿ.

"ನೀ ಏನ್ ಉಣ್ತೀಯವ್ವಾ?" ಎಂದು ಕೇಳಿದೆ. ರೊಟ್ಟಿ, ಪಲ್ಯ, ಅನ್ನ, ಸಾರು. ಮೊಟ್ಟೆ, ಮಾಂಸ ಮನೆಯಲ್ಲೇ ಇಲ್ಲ. ಹಾಲು ಡೇರಿಗೆ ಹೋಗುತ್ತದೆ. ಬಾಣಂತಿಗೆ ಶೀತವೆಂದು ನಿಲ್ಲಿಸಿದ ಮೊಸರು ಮತ್ತೆ ಅವಳ ತಟ್ಟೆಗೆ ಬಂದಿರಲಿಲ್ಲ. ನಾಲಿಗೆ ಚಾಚಲು ಹೇಳಿದೆ: ನುಣ್ಣಗೆ, ಕೆಂಪಗೆ. ಖಾರ ತಿಂದರೆ ಉರಿಯುತ್ತದಂತೆ. ಕೂಸಿಗೆ ಇನ್ನೂ ಎದೆಹಾಲೇ ಮುಖ್ಯ ಆಹಾರ. ರಕ್ತಕ್ಕೂ ನರಗಳಿಗೂ ಬೇಕಾದ ಬಿ12 ಜೀವಸತ್ವ ತಾಯಿಯಲ್ಲಿ ಇಲ್ಲದಿದ್ದರೆ ಅವಳ ಹಾಲಿನಲ್ಲೂ ಸಾಲದು.

ರಕ್ತಪರೀಕ್ಷೆಯಲ್ಲಿ ಕೆಂಪುಕಣಗಳು ಊದಿಕೊಂಡಿದ್ದವು, ಇಬ್ಬರಲ್ಲೂ ಬಿ12 ತೀರಾ ಕಡಿಮೆ. ಇಬ್ಬರಿಗೂ ಇಂಜೆಕ್ಷನ್ ಶುರು ಮಾಡಿದೆ. ಇಂಥಲ್ಲಿ ರಕ್ತಹೀನತೆಗೆ ಕೊಡುವ ಇನ್ನೊಂದು ಜೀವಸತ್ವ, ಫೋಲಿಕ್ ಆಮ್ಲ ಒಂದನ್ನೇ ಕೊಡಬಾರದು. ರಕ್ತ ಸುಧಾರಿಸಿದಂತೆ ಕಂಡರೂ ಒಳಗೊಳಗೇ ನರಗಳು ಹಾಳಾಗುತ್ತವೆ.

ಚಿಕಿತ್ಸೆ ಶುರುವಾದ ಮೇಲೆ ಕೆಲವು ಮಕ್ಕಳಿಗೆ ನಡುಕ ಬರುವುದುಂಟು. ಅದನ್ನು ಮೊದಲೇ ಹೇಳಿದ್ದೆ. ಆದರೂ ನಾಲ್ಕನೇ ದಿನ ಕೂಸಿನ ಕೈ, ಗದ್ದ ನಡುಗತೊಡಗಿದಾಗ ಮನೆಯವರು ಕಂಗಾಲಾದರು, ಸೂಜಿಯಿಂದಲೇ ಹೀಗಾಯಿತೆಂದು ಅಜ್ಜ ಸಿಟ್ಟಾದರು. ಅಂದು ಸಂಜೆ ಅವರ ಪಕ್ಕ ಕೂತು, ನಿಲ್ಲಿಸಿದರೆ ಆಗುವ ನಷ್ಟ ಏನೆಂದು ತಿಳಿಸಿ ಹೇಳಿದೆ. ನಡುಕ ಹೋಗಲು ಮೂರು ವಾರ ಹಿಡಿಯಿತು. ಅಷ್ಟರೊಳಗೆ ಕೂಸು ತಾಯಿಯ ದನಿಗೆ ತಿರುಗಿ ನಗುತ್ತಿತ್ತು. ಗೆಣ್ಣಿನ ಕಪ್ಪು ಮಾತ್ರ ನಿಧಾನ, ತಿಂಗಳುಗಳೇ ಬೇಕಾದವು.

ಮೊಳಕೆಕಾಳು ತಿಂದರೆ ಸಾಕಲ್ಲವೇ ಎಂದು ತಾಯಿ ಕೇಳಿದಳು. ಕಾಳಿನಲ್ಲಿ, ಸೊಪ್ಪಿನಲ್ಲಿ ಬಿ12 ಇಲ್ಲ. ಮಾಂಸ, ಮೊಟ್ಟೆ ಒಲ್ಲದವರಿಗೆ ಹಾಲು, ಮೊಸರೇ ಗತಿ. ಡೇರಿಗೆ ಹಾಕುವ ಮುಂಚೆ ಸೊಸೆಗೆ ಒಂದು ಲೋಟ ತೆಗೆದಿಡಿ ಎಂದು ಅಜ್ಜಿಗೆ ಹೇಳಿದೆ.

ಮುಂದಿನ ಭೇಟಿಗೆ ಅಜ್ಜಿ ಪಕ್ಕದ ಮನೆಯ ಬಾಣಂತಿಯನ್ನೂ ಕರೆತಂದರು. "ಇಕೀಗೂ ನಾಲಿಗಿ ಉರಿತೈತಂತ್ರಿ, ನೋಡ್ರಿ."