ಚಿಕ್ಕಮ್ಮನ ದನಿ, ಕಾಯಿಸದ ತಮಟೆ

ನಮ್ಮ ಸಂಗೀತ ಹುಟ್ಟಿದ್ದು ಗಣೇಶನ ಮೆರವಣಿಗೆಯಲ್ಲಿ. ನಾನು, ನನ್ನ ಗೆಳೆಯ, ಒಂದು ಲ್ಯಾಪ್‌ಟಾಪ್, ಟ್ರ್ಯಾಕ್ಟರ್ ಮೇಲೆ ಬಿಗಿದು ಕಟ್ಟಿದ ಸ್ಪೀಕರ್‌ಗಳು. ನಿಮಿಷಕ್ಕೆ 140 ಬಡಿತ, ಜೊತೆಗೆ ನಮ್ಮ ಕೋಲಾರದ ಕಡೆಯ ತಮಟೆಯ ತುಣುಕುಗಳು. ಮಾಲೂರು, ಮುಳಬಾಗಿಲು, ಬಂಗಾರಪೇಟೆ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಹುಡುಗರು ಬೆವರಿಳಿಯುವವರೆಗೆ ಕುಣಿಯುತ್ತಿದ್ದರು.

ಒಂದು ಚಳಿಗಾಲದ ಸಂಜೆ ಚಿಕ್ಕಮ್ಮ ನೆನೆಸಿದ ಅವರೆಕಾಳು ಹಿದುಕುತ್ತಾ ಸೋಬಾನೆ ಪದ ಹಾಡಿಕೊಳ್ಳುತ್ತಿದ್ದರು. ಸಿಪ್ಪೆಯಿಂದ ಜಾರಿದ ಬೇಳೆ ಪಾತ್ರೆಗೆ ಬೀಳುವ ಸದ್ದೇ ತಾಳ. ಮೊಬೈಲಿನಲ್ಲಿ ಹಿಡಿದುಕೊಂಡೆ. ಆ ರಾತ್ರಿ ಅದನ್ನು ನಮ್ಮ ಹಳೆಯ ಬೀಟಿನ ಮೇಲೆ ಕೂರಿಸಿದರೆ ದನಿಯೇ ಕಾಣೆ. ವಾಲ್ಯೂಮ್ ಏರಿಸಿದರೆ ಕಿವಿಗೆ ಚುಚ್ಚುತ್ತಿತ್ತು, ಪದ ಮಾತ್ರ ತಿಳಿಯುತ್ತಿರಲಿಲ್ಲ. ಕಾರಣ ಹುಡುಕಲು ವಾರ ಹಿಡಿಯಿತು: ಎಲೆಕ್ಟ್ರಾನಿಕ್ ಸ್ವರ ಹುಟ್ಟಿಸುವ ನಮ್ಮ ಸಿಂತ್‌ನ ಸದ್ದುಗಳೆಲ್ಲ 300ರಿಂದ 3000 ಹರ್ಟ್ಸ್ ನಡುವೆ ಕಿಕ್ಕಿರಿದಿದ್ದವು. ಮನುಷ್ಯರ ಮಾತು ಸ್ಪಷ್ಟವಾಗುವುದೂ ಅಲ್ಲಿಯೇ.

ಬೀಟಿನ ಏಳು ಸದ್ದಿನ ಪದರಗಳಲ್ಲಿ ಐದನ್ನು ಕಿತ್ತು ಹಾಕಿದೆವು. ವೇಗವನ್ನು 92ಕ್ಕೆ ಇಳಿಸಿದೆವು. ಶ್ರುತಿಯನ್ನು ಚಿಕ್ಕಮ್ಮನ ಗಂಟಲಿಗೆ ಹೊಂದಿಸಿದೆವು. ಕಿಟಕಿಗಳಿಗೆ ಕೌದಿ ಇಳಿಬಿಟ್ಟು, ಫ್ಯಾನ್ ಆರಿಸಿ, ಟೇಕಲ್ ರಸ್ತೆಯ ಲಾರಿಗಳ ಸದ್ದು ಕಡಿಮೆಯಾದ ಮೇಲೆ ಮತ್ತೆ ಹಾಡಿಸಿದೆವು. ಚಿಕ್ಕಮ್ಮ ಗಡಿಯಾರದ ತಾಳಕ್ಕೆ ಹಾಡುವವರಲ್ಲ. ಅವರ ದನಿಯನ್ನು ಕತ್ತರಿಸಿ ಬೀಟಿಗೆ ಕೂಡಿಸುವ ಬದಲು, ಬೀಟನ್ನೇ ಅವರ ಉಸಿರಿಗೆ ತಕ್ಕಂತೆ ಹಿಂದೆ ಮುಂದೆ ಸರಿಸಿದೆ. ಹಾಡಿದ ಸ್ವರವನ್ನು ತಿದ್ದುವ ಆಟೋಟ್ಯೂನ್ ಮುಟ್ಟಲಿಲ್ಲ. ಸ್ವರದಿಂದ ಸ್ವರಕ್ಕೆ ಅವರು ಜಾರುವ ಬಗೆಯೇ ಆ ಪದದ ಜೀವ.

ಅಮೆರಿಕದ ಪೋರ್ಟರ್ ರಾಬಿನ್ಸನ್ ಅಬ್ಬರದ ಕುಣಿತದ ಸಂಗೀತದಿಂದ ಹೆಸರು ಮಾಡಿ, 2014ರ ಆಲ್ಬಂನಲ್ಲಿ ಮೆದು ಹಾಡುಗಳತ್ತ ತಿರುಗಿದಾಗ ಕೇಳುಗರಲ್ಲಿ ಒಡಕು ಮೂಡಿತ್ತು. ಅವರು ಆ ದಾರಿ ಬಿಡಲಿಲ್ಲ. 2021ರ ಆಲ್ಬಂನಲ್ಲಿ ತಾವೇ ಹಾಡಿದರು. ಅದನ್ನು ನೆನೆದು ಧೈರ್ಯ ತಂದುಕೊಂಡೇ ನಾವು ಹೊಸ ಹಾಡುಗಳೊಂದಿಗೆ ವೇದಿಕೆ ಹತ್ತಿದೆವು. ಮುಂದಿನ ಸಾಲಿನ ಕೆಲವರು ಕಣ್ಣು ಮುಚ್ಚಿ ನಿಂತು ಕೇಳಿದರು. ಹಿಂದಿನವರು "ಹಳೆಯದು ಹಾಕಿ" ಎಂದು ಕೂಗಿದರು, ಅರ್ಧ ತಾಸಿನಲ್ಲಿ ಮೈದಾನದ ಒಂದು ಬದಿ ಖಾಲಿಯಾಯಿತು. ಕೆಜಿಎಫ್‌ನ ಒಬ್ಬ ಹುಡುಗಿ, ನಿಮ್ಮ ಸಂಗೀತವನ್ನು ಮೊದಲ ಸಲ ಅಮ್ಮನ ಜೊತೆ ಕೂತು ಕೇಳಿದೆ ಎಂದು ಬರೆದಳು. ಬಂಗಾರಪೇಟೆ ಕಡೆಯ ಹುಡುಗನೊಬ್ಬ ಬರೆದದ್ದು ನನ್ನ ನಿದ್ದೆ ಕೆಡಿಸಿತು: "ಅಣ್ಣ, ಹಾಡು ಚೆನ್ನಾಗಿದೆ. ತಮಟೆಯನ್ನು ಏಕೆ ಬಿಟ್ಟಿರಿ? ನಮ್ಮ ಅಪ್ಪ ಬಾರಿಸುವ ವಾದ್ಯ ನಿಮ್ಮ ಸ್ಪೀಕರಿನಲ್ಲಿ ಕೇಳಿತೆಂದೇ ನಾನು ನಿಮ್ಮ ಹಿಂದೆ ಬಂದವನು."

ಅವನು ಹೇಳಿದ್ದು ಸರಿ. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟದ್ದು ಇದೇ ತಮಟೆ. ದನಿಗೆ ಜಾಗ ಮಾಡುವ ಅವಸರದಲ್ಲಿ ಸಿಂತ್‌ನ ಜೊತೆ ಅದನ್ನೂ ಕಸದಂತೆ ಗುಡಿಸಿದ್ದೆವು. ಮೆದುವಾಗುವುದಕ್ಕೆ ಅದನ್ನು ಬಿಡಲೇಬೇಕೆಂದು ನಾವು ಪರೀಕ್ಷಿಸದೆ ನಂಬಿದ್ದೆವು.

ಹುಡುಗನ ಅಪ್ಪನನ್ನು ಹುಡುಕಿಕೊಂಡು ಹೋದೆವು. ಅವರು ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಲು ಹೊರಟಾಗ ನಾನು ತಡೆದೆ. ಕಾದ ತಮಟೆಯ ಚುರುಕು ಪೆಟ್ಟು ಚಿಕ್ಕಮ್ಮನ ಮಾತಿನ ಅಕ್ಷರಗಳನ್ನೇ ಮುಚ್ಚಿಬಿಡುತ್ತದೆ. ಕಾಯಿಸದ ಸಡಿಲು ಚರ್ಮದ ಸದ್ದು ಕೆಳಗೆ, ಎದೆಯ ಹತ್ತಿರ ನಿಲ್ಲುತ್ತದೆ. "ಬಿಗಿಯಿಲ್ಲದೆ ಬಾರಿಸುವುದು ಹೇಗಪ್ಪಾ?" ಎಂದು ಅವರು ಹಿಂಜರಿದರು. ಹೆಡ್‌ಫೋನ್ ಕೊಟ್ಟು ಚಿಕ್ಕಮ್ಮನ ಪದ ಕೇಳಿಸಿದೆ. ಎರಡು ಸಾಲು ಸುಮ್ಮನೆ ಕೇಳಿದರು. ದಪ್ಪ ಕೋಲನ್ನು ಕೆಳಗಿಟ್ಟರು. ಮೂರನೆಯ ಸಾಲಿಗೆ ಬೆರಳುಗಳಿಂದಲೇ ಬಾರಿಸತೊಡಗಿದರು.