ಪಾಲು ಹಂಚೋಕೆ ಕೂರೋ ಮುಂಚೆ ಯಾರಿಗೆ ಏನು ಕೊರತೆ ಅಂತ ನೋಡ್ಕೊಳ್ಳೋದು ಹೇಗೆ

ನಾವು ಐದು ಜನ ಸೇರಿ ಒಂದು ಕೆಲಸ ಮುಗಿಸಿದ್ವಿ, ಬೋನಸ್ ಬಂತು, ನೀವೇ ಹಂಚ್ಕೊಳ್ಳಿ ಅಂದ್ರು. ರಾತ್ರಿಯೆಲ್ಲಾ ಕೂತು ದುಡಿದವನು ಮಾಡಿದಷ್ಟು ಪಾಲು ಅಂದ. ಹೊಸದಾಗಿ ಸೇರಿದ್ದ ಹುಡುಗಿ ಎಲ್ರಿಗೂ ಸಮ ಅಂದ್ಲು. ತಾಯಿನ ಆಸ್ಪತ್ರೆಗೆ ಸೇರಿಸಿದ್ದ ಒಬ್ರು ಇದ್ರು, ಅವರು ಮಾತೇ ಆಡ್ಲಿಲ್ಲ, ಮೊಬೈಲ್ ನೋಡ್ತಾ ಕೂತಿದ್ರು. ಎರಡು ಗಂಟೆ ಜಗಳ ಆಯ್ತು. ಎಲ್ರ ಬಾಯಲ್ಲೂ ನ್ಯಾಯ ಅನ್ನೋ ಮಾತೇ, ಆದ್ರೆ ಒಬ್ಬೊಬ್ರ ನ್ಯಾಯದ ಬೆನ್ನಿಗೆ ಒಂದೊಂದು ಕೊರತೆ ನಿಂತಿತ್ತು ಅಂತ ನಂಗೆ ಹೊಳೆದಿದ್ದು ಆಮೇಲೆ. ಮನೆ ಆಸ್ತಿ ಇರ್ಲಿ, ಆಫೀಸ್ ರಜೆ ಇರ್ಲಿ, ಸಂಘದ ದುಡ್ಡಿರ್ಲಿ, ಹಂಚೋ ಜವಾಬ್ದಾರಿ ನಿಮ್ಮ ತಲೆ ಮೇಲೆ ಬಂದಾಗ ನಾನು ಕಲ್ತಿದ್ದು ನಿಮಗೂ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಎಲ್ಲಕ್ಕಿಂತ ಮೊದಲು, ಹಂಚ್ತಿರೋದು ಬದುಕೋಕೆ ಬೇಕಾಗಿದ್ದಾ ಇಲ್ಲಾ ಆಸೆಗೆ ಬೇಕಾಗಿದ್ದಾ ಅಂತ ಕೇಳ್ಕೊಳ್ಳಿ. ಇದೊಂದು ಪ್ರಶ್ನೆಗೇ ಜನರ ಉತ್ತರ ಪೂರ್ತಿ ತಿರುಗಿಬಿಡತ್ತೆ. 1984ರಲ್ಲಿ ಮೆನಾಹೆಮ್ ಯಾರಿ, ಮಾಯಾ ಬಾರ್-ಹಿಲ್ಲೆಲ್ ಅನ್ನೋ ಇಸ್ರೇಲಿನ ಸಂಶೋಧಕರು ಒಂದು ಲೆಕ್ಕ ಕೊಟ್ಟು ಜನರನ್ನ ಕೇಳಿದ್ರು. 12 ಗ್ರೇಪ್‌ಫ್ರೂಟ್, 12 ಬೆಣ್ಣೆಹಣ್ಣು ಇವೆ, ಇಬ್ರಿಗೂ ಆರೋಗ್ಯಕ್ಕೆ ಒಂದು ವಿಟಮಿನ್ ಬೇಕು. ಮೊದಲನೆಯವನ ಮೈಗೆ ಒಂದು ಗ್ರೇಪ್‌ಫ್ರೂಟಿಂದ 100 ಮಿಲಿಗ್ರಾಂ ಸಿಗತ್ತೆ, ಬೆಣ್ಣೆಹಣ್ಣಿಂದ ಏನೂ ಇಲ್ಲ. ಎರಡನೆಯವನಿಗೆ ಯಾವ ಹಣ್ಣು ತಿಂದ್ರೂ 50. ನೂರಕ್ಕೆ 82 ಜನ ಆರಿಸಿದ್ದು ಮೊದಲನೆಯವನಿಗೆ 8 ಗ್ರೇಪ್‌ಫ್ರೂಟ್, ಉಳಿದ 4 ಮತ್ತೆ ಬೆಣ್ಣೆಹಣ್ಣೆಲ್ಲಾ ಎರಡನೆಯವನಿಗೆ. ಲೆಕ್ಕ ಹಾಕಿ ನೋಡಿ, ಇಬ್ರಿಗೂ 800 ಮಿಲಿಗ್ರಾಂ. ಅದೇ ಹಣ್ಣು, ಅದೇ ಅಂಕಿ, ಆದ್ರೆ ಇದು ಆರೋಗ್ಯದ ಮಾತಲ್ಲ ನಾಲಿಗೆ ರುಚಿ ಮಾತು ಅಂದಾಗ ಆ ಹಂಚಿಕೆ ಆರಿಸೋರು ತುಂಬಾ ಕಮ್ಮಿ ಆದ್ರು. ಅಂದ್ರೆ ಜನ ಸ್ವಾರ್ಥಿಗಳು ಅಂತ ತಟ್ಟಂತ ಅನ್ಬೇಡಿ, ಅಗತ್ಯ ಅನ್ನೋದು ಕಣ್ಣಿಗೆ ಕಂಡ್ರೆ ಬಹಳ ಜನ ಅದಕ್ಕೆ ಜಾಗ ಬಿಡ್ತಾರೆ, ಕಾಣದೇ ಇದ್ದಾಗ್ಲೇ ತೊಂದ್ರೆ. ನಮ್ಮ ಬೋನಸ್ ಜಗಳದಲ್ಲಿ ಆಸ್ಪತ್ರೆ ಬಿಲ್ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ.

ಆಮೇಲೆ ಪ್ರತಿಯೊಬ್ರ ಮಾತನ್ನ ಅಗತ್ಯಕ್ಕೆ ತಿರುಗಿಸಿ ಕೇಳಿಸ್ಕೊಳ್ಳಿ. ಮಾರ್ಟನ್ ಡಾಯ್ಚ್ ಅನ್ನೋ ಮನಶ್ಶಾಸ್ತ್ರಜ್ಞರು 1975ರಲ್ಲೇ ಇದನ್ನ ಬಿಡಿಸಿ ಹೇಳಿದ್ರು, ಉತ್ಪಾದನೆ ಮುಖ್ಯ ಆದ ಕಡೆ ದುಡಿದಷ್ಟು ಪಾಲು ಅನ್ನೋ ನಿಯಮ ಮೇಲೆ ಬರತ್ತೆ, ಒಳ್ಳೆ ಸಂಬಂಧ ಉಳೀಬೇಕು ಅನ್ನೋ ಕಡೆ ಸಮಪಾಲು, ಒಬ್ಬೊಬ್ರ ಕ್ಷೇಮ ಬೆಳವಣಿಗೆ ಮುಖ್ಯ ಆದ ಕಡೆ ಅಗತ್ಯಕ್ಕೆ ತಕ್ಕ ಪಾಲು. ಇದನ್ನ ಮನುಷ್ಯರ ಮಟ್ಟಕ್ಕೆ ಇಳಿಸಿ ನೋಡಿ. ಮಾಡಿದಷ್ಟು ಪಾಲು ಅಂತ ಕೂಗಾಡ್ತಿರೋನಿಗೆ ಎಷ್ಟೋ ಸಲ ದುಡ್ಡಿಗಿಂತ ತನ್ನ ಕಷ್ಟ ನಾಲ್ಕು ಜನ ಗುರುತಿಸ್ಲಿ ಅನ್ನೋದಿರತ್ತೆ. ಸಮ ಅನ್ನೋಳಿಗೆ ನಾನೂ ನಿಮ್ಮೋಳೇ ಅಂತ ಅನ್ನಿಸ್ಕೋಬೇಕು. ಹಳೇದನ್ನ ಬದಲಾಯಿಸ್ಬೇಡಿ ಅನ್ನೋರಿಗೆ ನಾಳೆ ಬಗ್ಗೆ ಭಯ. ಇದನ್ನ ಊಹೆ ಮಾಡಿ ಮುಖದ ಮೇಲೆ ಹೇಳೋಕೆ ಹೋಗ್ಬೇಡಿ, "ಇದು ಸಿಗ್ಲಿಲ್ಲ ಅಂದ್ರೆ ನಿಮಗೆ ಏನು ತೊಂದ್ರೆ ಆಗತ್ತೆ?" ಅಂತ ಕೇಳಿ ಸುಮ್ನಿರಿ. ಮತ್ತೆ ಎಲ್ಲಾ ಅಭಿಪ್ರಾಯಕ್ಕೂ ಸ್ವಂತ ಕೊರತೆನೇ ಕಾರಣ ಅಂದ್ಕೊಳ್ಳೋದೂ ತಪ್ಪು, ತನಗೆ ಏನೂ ಕಮ್ಮಿ ಇಲ್ದೇ ಇದ್ರೂ ಇನ್ನೊಬ್ರಿಗೋಸ್ಕರ ಗಟ್ಟಿಯಾಗಿ ನಿಲ್ಲೋರನ್ನ ನಾನೇ ನೋಡಿದೀನಿ.

ನಿಮ್ಮ ಹೊಟ್ಟೆನೂ ಸ್ವಲ್ಪ ನೋಡ್ಕೊಳ್ಳಿ, ನಿಜವಾಗ್ಲೂ. ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ನಾಲ್ಕು ಗಂಟೆ ಏನೂ ತಿನ್ನದೇ ಬಂದವರಲ್ಲಿ ಕೆಲವರಿಗೆ ಸಕ್ಕರೆ ಇರೋ ಡ್ರಿಂಕ್, ಇನ್ನು ಕೆಲವರಿಗೆ ಸಕ್ಕರೆ ಇಲ್ದೇ ಇರೋದು ಕೊಟ್ರು. ಸಕ್ಕರೆ ಸಿಗದೇ ಹಸ್ಕೊಂಡೇ ಇದ್ದವರು ಸಮಾಜ ಕಲ್ಯಾಣ ಯೋಜನೆಗಳಿಗೆ ಜಾಸ್ತಿ ಬೆಂಬಲ ಕೊಟ್ರು, ಆದ್ರೆ ತಮ್ಮ ಕೈಯಿಂದ ಜಾಸ್ತಿ ಕೊಡ್ಲಿಲ್ಲ. ಒಂದೇ ಪ್ರಯೋಗದ ಮೇಲೆ ದೊಡ್ಡ ಸಿದ್ಧಾಂತ ಕಟ್ಟೋದು ಬೇಡ, ಆದ್ರೆ ಹಂಚೋ ಮೀಟಿಂಗನ್ನ ಊಟಕ್ಕೆ ಮುಂಚೆ ಇಟ್ಕೋಬೇಡಿ ಅನ್ನೋಕೆ ನಂಗಂತೂ ಇಷ್ಟು ಸಾಕು.

ಈಗ ಹಂಚೋ ವಿಷಯ. ಮೊದಲು ಒಂದು ತಳ ಹಾಕಿ, ಯಾರೂ ಇದಕ್ಕಿಂತ ಕೆಳಗೆ ಹೋಗಬಾರದು ಅನ್ನೋ ಗೆರೆ. ನಾರ್ಮನ್ ಫ್ರೋಲಿಕ್, ಜೋ ಓಪನ್‌ಹೈಮರ್ ಅನ್ನೋ ಸಂಶೋಧಕರು ಒಂದು ಪ್ರಯೋಗದಲ್ಲಿ ಐದೈದು ಜನರ ಗುಂಪು ಮಾಡಿ, ತಮ್ಮ ಪಾಲಿಗೆ ಎಷ್ಟು ಬರತ್ತೆ ಅಂತ ಯಾರಿಗೂ ಗೊತ್ತಿಲ್ಲದ ಹಾಗೆ ಕೂರಿಸಿ, ನೀವೇ ಚರ್ಚೆ ಮಾಡಿ ನಿಯಮ ಆರಿಸಿ ಅಂದ್ರು. ಅತೀ ಕಷ್ಟದಲ್ಲಿರೋನ ಪಾಲು ಆದಷ್ಟೂ ಹೆಚ್ಚಾಗೋ ಥರ ಹಂಚಿ ಅಂತ ಜಾನ್ ರಾಲ್ಸ್ ಅನ್ನೋ ತತ್ವಜ್ಞಾನಿ 1971ರಲ್ಲಿ ವಾದ ಮಾಡಿದ್ರು, ಅದನ್ನ ಆರಿಸಿದ ಗುಂಪು ತೀರಾ ಅಪರೂಪ. ಬಹುಪಾಲು ಗುಂಪುಗಳು ಆರಿಸಿದ್ದು ಕೆಳಗೊಂದು ಗಟ್ಟಿ ತಳ ಇರ್ಲಿ, ಅದರ ಮೇಲೆ ದುಡಿದವರು ದುಡ್ಕೊಳ್ಳಲಿ ಅನ್ನೋದನ್ನ. ನಂಗೆ ಇದು ಸರಿ ಅನ್ಸತ್ತೆ, ಯಾಕಂದ್ರೆ ಇದ್ರಲ್ಲಿ ಆಸ್ಪತ್ರೆ ಬಿಲ್ಲಿಗೂ ಜಾಗ ಇದೆ ರಾತ್ರಿ ನಿದ್ದೆಗೆಟ್ಟೋನಿಗೂ ಜಾಗ ಇದೆ, ಮತ್ತೆ ಜಗಳ ಏನಿದ್ರೂ ಮಿಕ್ಕ ದುಡ್ಡಿಗೆ ಮಾತ್ರ, ಯಾರ ಉಸಿರಿಗೂ ಅಲ್ಲ. ತಳ ಎಷ್ಟು ಅಂತ ಅಂಕಿಯಲ್ಲೇ ಬರೀರಿ, ಅಂದಾಜಲ್ಲಿ ಬಿಟ್ರೆ ಮತ್ತೆ ಅದೇ ಕಥೆ.

ಒಂದು ಮಾತು ಮಾತ್ರ ದಯವಿಟ್ಟು ಮರೀಬೇಡಿ, ಅಗತ್ಯ ಇರೋರನ್ನ ಎಲ್ರ ಮುಂದೆ ನಿಲ್ಲಿಸಿ ತಮ್ಮ ಕಷ್ಟ ಹೇಳ್ಕೊಳ್ಳೋ ಹಾಗೆ ಮಾಡ್ಬೇಡಿ. ಮರ್ಯಾದೆನೂ ಅಗತ್ಯನೇ. ಒಬ್ಬೊಬ್ರನ್ನೇ ಬೇರೆ ಬೇರೆ ಕರೆದು ಕೇಳಿ, ಇಲ್ಲಾ ಚೀಟಿಯಲ್ಲಿ ಬರೆಸ್ಕೊಳ್ಳಿ. ಅವತ್ತು ತಾಯಿನ ಆಸ್ಪತ್ರೆಗೆ ಸೇರಿಸಿದ್ದವರು ಯಾಕೆ ಬಾಯಿ ಬಿಡ್ಲಿಲ್ಲ ಅಂತ ನಾನು ಆಮೇಲೆ ಕೇಳಿದೆ. "ಕೇಳಿದ್ರೆ ಭಿಕ್ಷೆ ಥರ ಆಗತ್ತೆ ಅನ್ನಿಸ್ತು" ಅಂದ್ರು. ಅವತ್ತು ಕೊನೆಗೆ ನಾವು ಸಮಪಾಲು ಮಾಡಿದ್ವಿ, ಅವರು ಬಿಲ್ ಕಟ್ಟೋಕೆ ಸಾಲ ತಗೊಂಡಿದ್ರು.

ಮುಂದಿನ ಸಲ ಬೋನಸ್ ಬಂದಾಗ ಮೀಟಿಂಗ್ ಕರೆಯೋ ಮುಂಚೆ ನಾನೇ ಉಳಿದ ನಾಲ್ಕೂ ಜನರ ಹತ್ರ ಒಬ್ಬೊಬ್ರಾಗಿ ಹೋಗಿ ಕೇಳ್ಕೊಂಡು ಬಂದೆ. ಆ ಸಲ ತುರ್ತು ಇದ್ದಿದ್ದು ಮಾಡಿದಷ್ಟು ಪಾಲು ಅಂದಿದ್ನಲ್ಲ, ಅವನಿಗೆ.