ಓದಿದ್ದು ಅಮೆರಿಕದಾಗ, ಬರದದ್ದು ಕುಂದಗೋಳದಾಗ

ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಮೇಜರ್, ಅಂದರೆ ಮುಖ್ಯ ವಿಷಯ, ಯಾವುದೆಂದು ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯವರೆಗೂ ಬರೆದುಕೊಡಬೇಕಿಲ್ಲ. ಅಲ್ಲಿಯತನಕ ಎಲ್ಲದರ ರುಚಿ ನೋಡಬಹುದು. ನಾನು ಹುಬ್ಬಳ್ಳಿಯಿಂದ ಹೋದವಳು. ಇಕನಾಮಿಕ್ಸ್ ಓದುತ್ತಾಳೆಂದೇ ಮನೆಯವರು ತಿಳಿದಿದ್ದರು. ರಿಲಿಜನ್ ಅಂದಾಗ ಮಾವ ಕೇಳಿದ್ದು ಒಂದೇ ಮಾತು: "ಹಂಗಾರ ಮುಂದ ಯಾವ ಮಠಾ?" ಅಪ್ಪನ ಸಮಾಧಾನಕ್ಕೆ ಇಕನಾಮಿಕ್ಸನ್ನೂ ಇಟ್ಟುಕೊಂಡೆ. ಡಬಲ್ ಮೇಜರ್ ಹುಟ್ಟಿದ್ದೇ ಇಂಥ ಅಪ್ಪಂದಿರ ಸಲುವಾಗಿ ಇರಬೇಕು.

ಮಾವ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಧರ್ಮ ಓದುವುದೆಂದರೆ ಮಠದ ಪಾಠಶಾಲೆ, ಮದರಸಾ, ಇಲ್ಲವೇ ಸೆಮಿನರಿ. ರಿಲಿಜನ್ ವಿಭಾಗದ ಕೆಲಸ ಬೇರೆ: ಧರ್ಮ ಕಲಿಸುವುದಲ್ಲ, ಧರ್ಮದ ಬಗ್ಗೆ ಓದುವುದು. ಸರಕಾರಿ ಶಾಲೆಗಳಲ್ಲಿ ಭಕ್ತಿಗಾಗಿ ಬೈಬಲ್ ಓದಿಸುವಂತಿಲ್ಲ, ಆದರೆ ಧರ್ಮದ ಬಗ್ಗೆ ಪಾಠ ಮಾಡಲು ಅಡ್ಡಿಯಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿತು. ಇಂಥ ವಿಭಾಗಗಳು ಬೆಳೆದದ್ದು ಹೆಚ್ಚಾಗಿ ಆಮೇಲೆ. ನನ್ನ ಕ್ಲಾಸಿನಲ್ಲಿ ಭಾನುವಾರ ಚರ್ಚ್ ತಪ್ಪಿಸದವರೂ ಇದ್ದರು, ದೇವರೇ ಇಲ್ಲ ಅನ್ನುವವರೂ ಇದ್ದರು. ನಮ್ಮ ಪ್ರೊಫೆಸರ್ ಯಾವ ದೇವರಿಗೆ ಕೈಮುಗಿಯುತ್ತಾರೆ ಎಂಬುದು ಮಾತ್ರ ಕೊನೆಗೂ ಗೊತ್ತಾಗಲಿಲ್ಲ.

ಹತ್ತರ ಆಸುಪಾಸು ಕೋರ್ಸು, ಕನಿಷ್ಠ ಎರಡು ಪರಂಪರೆಗಳ ಓದು, ಒಂದು ಥಿಯರಿ ಸೆಮಿನಾರ್, ಕೊನೆಯ ವರ್ಷ ಪ್ರಬಂಧ. ಮೇಜರ್ ಅಂದರೆ ಇಷ್ಟು. ನಾನು ಆರಿಸಿಕೊಂಡದ್ದು ಇಸ್ಲಾಂ ಮತ್ತು ದಕ್ಷಿಣ ಏಷ್ಯಾದ ಭಕ್ತಿ ಪಂಥಗಳು. ಸೆಮಿನಾರಿನಲ್ಲಿ ಸಮಾಜಶಾಸ್ತ್ರಜ್ಞರಾದ ಡರ್ಕೈಮ್, ವೇಬರ್ ದಾಟಿ ಮಾನವಶಾಸ್ತ್ರಜ್ಞ ತಲಾಲ್ ಅಸದ್ ಹತ್ತಿರ ಬಂದಾಗ ನನ್ನ ಪ್ರಬಂಧಕ್ಕೆ ದಾರಿ ಸಿಕ್ಕಿತು. ಧರ್ಮ ಅಂದರೆ ಮೊದಲಿಗೆ ಮನಸ್ಸಿನೊಳಗಿನ ನಂಬಿಕೆ, ಆಚರಣೆ ಆಮೇಲಿನದು ಎಂಬ ತಿಳಿವಳಿಕೆಯೇ ಆಧುನಿಕ ಕ್ರೈಸ್ತ ಇತಿಹಾಸದಿಂದ ಬಂದದ್ದು ಎಂಬುದು ಅಸದ್ ವಾದ. ಪಕ್ಕದಲ್ಲಿದ್ದವರಿಗೆ ಇದು ದೊಡ್ಡ ಹೊಸ ವಿಚಾರ. ನನಗೆ ನೆನಪಾದದ್ದು ಅವ್ವನ ತವರಿನ ಅಲಾವಿ ಹಬ್ಬ, ಅಂದರೆ ಮೊಹರಂ.

ಕುಂದಗೋಳ ತಾಲ್ಲೂಕಿನ ಆ ಹಳ್ಳಿಯಲ್ಲಿ ಮುಸಲ್ಮಾನರ ಮನೆ ಬೆರಳೆಣಿಕೆಯಷ್ಟು. ಮೊಹರಂ ಮಾತ್ರ ಇಡೀ ಊರಿನದು. ದೇವರೆಂದು ಕೂಡಿಸುವ ಹಸ್ತದಾಕಾರದ ಪಂಜಾ ಹಿಡಿಯುವವರಲ್ಲಿ ಕುರುಬರಿದ್ದಾರೆ, ಲಿಂಗಾಯತರಿದ್ದಾರೆ; ಹರಕೆ ಹೊತ್ತು ಫಕೀರನಾದ ಹುಡುಗನ ಮನೆದೇವರು ವೀರಭದ್ರ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರಿಗೆ ಇದರಲ್ಲಿ ಸುದ್ದಿಯೇ ಇಲ್ಲ. ಆದರೆ ನಂಬಿಕೆಯಿಂದ ಶುರುಮಾಡಿ ಇದನ್ನು ವಿವರಿಸಿ ನೋಡಿ, ಎಲ್ಲೂ ಮುಟ್ಟುವುದಿಲ್ಲ. ನನ್ನ ಪ್ರಬಂಧದ ವಿಷಯ ಅದೇ ಆಯಿತು.

ಕ್ಯಾಲೆಂಡರೂ ಕೈಹಿಡಿಯಿತು. ಚಾಂದ್ರಮಾನದ ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು, ಹಾಗಾಗಿ ಮೊಹರಂ ಪ್ರತಿವರ್ಷ ಹಿಂದೆ ಸರಿಯುತ್ತದೆ. ನನ್ನ ಬೇಸಿಗೆ ರಜೆಯ ಹೊತ್ತಿಗೆ ಅದು ಜುಲೈಗೆ ಬಂದಿತ್ತು. ಅಲ್ಲಿ ಬೇಸಿಗೆ, ಕುಂದಗೋಳದಲ್ಲಿ ಎರೆಮಣ್ಣಿನ ಕೆಸರು.

ಹೊರಡುವ ಮುಂಚೆ ಕಾಲೇಜಿನ ಸಂಶೋಧನಾ ನೀತಿ ಸಮಿತಿಯ ಒಪ್ಪಿಗೆ ಬೇಕಿತ್ತು. ಮನುಷ್ಯರನ್ನು ಮಾತಾಡಿಸಿ ಸಂಶೋಧನೆ ಮಾಡುವವರಿಗೆ ಅಮೆರಿಕದಲ್ಲಿ ಇದು ರೂಢಿ. ಅದರ ಜೊತೆ ಬರುವುದು ಒಪ್ಪಿಗೆ ಪತ್ರ, ಕೆಳಗೆ ಸಹಿ. ನಮ್ಮ ಹಳ್ಳಿಯಲ್ಲಿ ಓದಿದ ಹುಡುಗಿಯೊಬ್ಬಳು ಕಾಗದ ಹಿಡಿದು ಸಹಿ ಕೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಹೊಲದ ಉತಾರ (ಪಹಣಿ), ಎರಡನೆಯದು ಸೊಸೈಟಿ ಸಾಲ. ಇದನ್ನು ಅರ್ಜಿಯಲ್ಲೇ ಬಿಡಿಸಿ ಬರೆದೆ; ಬಾಯಿಮಾತಿನ ಒಪ್ಪಿಗೆ ಸಾಕು ಎಂದು ಸಮಿತಿ ಒಪ್ಪಿತು. ಯಾರಾದರೂ ಇಂಥ ಕೆಲಸಕ್ಕೆ ಕೈಹಾಕುವುದಿದ್ದರೆ ಇದನ್ನು ಮೊದಲೇ ಕೇಳಿಕೊಳ್ಳಿ, ಅದಕ್ಕೆ ಅವಕಾಶವಿದೆ.

ಊರಲ್ಲಿ "ಯಾಕ ಮಾಡ್ತೀರಿ?" ಅಂತ ಕೇಳಿದರೆ ಬರುವ ಉತ್ತರ ಒಂದೇ: "ಹಿಂದಿಂದ ನಡ್ಕೊಂಡ ಬಂದೈತಿ." ಅಲ್ಲಿಗೆ ಮಾತು ಮುಗೀತು. "ಹೆಂಗ ಮಾಡ್ತೀರಿ?" ಅಂದಿರೋ, ಚಾ ಆರಿ ತಣ್ಣಗಾದರೂ ಮಾತು ನಿಲ್ಲುವುದಿಲ್ಲ. ಬೆಂಕಿ ಹಾಕುವ ಅಲಾವಿ ಕುಣಿಗೆ ಮೊದಲ ಗುದ್ದಲಿ ಯಾರದು, ಕಟ್ಟಿಗೆ ಯಾವ ಓಣಿಯದು, ಕತ್ತಲ ರಾತ್ರಿ ಮೊದಲ ರಿವಾಯತ್ ಪದ (ಮೊಹರಂ ಹಾಡು) ಯಾವ ಮೇಳದ್ದು, ದೇವರು ಹೊಳೆಗೆ ಹೋಗುವಾಗ ಯಾರ ಬಾಗಿಲಲ್ಲಿ ನಿಲ್ಲುತ್ತದೆ. ಒಬ್ಬರು ಹೇಳುವಾಗಲೇ ಇನ್ನೊಬ್ಬರು "ಏ, ಹಂಗಲ್ಲೋ ಮಾರಾಯಾ" ಅಂತ ನಡುವೆ ಬಾಯಿ ಹಾಕುತ್ತಿದ್ದರು. ನನ್ನ ಒಳ್ಳೆಯ ಟಿಪ್ಪಣಿಗಳೆಲ್ಲ ಹುಟ್ಟಿದ್ದು ಈ ಜಗಳಗಳಲ್ಲಿ.

2024ರಲ್ಲಿ ಮೊಹರಂ ಹತ್ತನೇ ದಿನ ಮತ್ತು ಆಷಾಢ ಏಕಾದಶಿ ಎರಡೂ ಜುಲೈ 17ರಂದೇ ಬಂದವು. ಕೊರಳಲ್ಲಿ ತುಳಸಿಮಾಲೆ, ಪಂಢರಪುರದ ವಿಠ್ಠಲನ ಒಕ್ಕಲು ಒಬ್ಬ ಅಜ್ಜಿ ಮಸೂತಿಗೆ ಸಕ್ಕರೆ ತಂದಳು. ಮುಲ್ಲಾ ಅದರ ಮೇಲೆ ಪ್ರಾರ್ಥನೆ ಓದಿ, ಚಿಟಿಕೆ ತೆಗೆದಿಟ್ಟುಕೊಂಡು ಉಳಿದದ್ದನ್ನು ಸೆರಗಿಗೆ ಹಾಕಿದರು. ಯಾರೋ ಕೈಗೆ ಚೋಂಗೆ ಇಟ್ಟರು, ಗೋದಿಹಿಟ್ಟು ಬೆಲ್ಲದ್ದು. ಅಜ್ಜಿಗೆ ಅಂದು ಉಪವಾಸ, ಗೋದಿ ನಡೆಯುವುದಿಲ್ಲ. ಬೇಡ ಅನ್ನಲಿಲ್ಲ. ಹಣೆಗೊತ್ತಿಕೊಂಡು ಸ್ಟೀಲ್ ಡಬ್ಬಿಗೆ ಹಾಕಿ, "ನಾಳೆ ಬಾರಸಿ ಬಿಟ್ಟ ಮ್ಯಾಲ ತಿಂತೀನಿ" ಅಂದಳು. ಎರಡು ಧರ್ಮ ಬೆರೆತವು, ಸಾಮರಸ್ಯ ಅಂತೆಲ್ಲ ನಮ್ಮ ಪತ್ರಿಕೆಗಳು ಬರೆಯುತ್ತವೆ. ಅಜ್ಜಿ ಏನನ್ನೂ ಬೆರೆಸಿರಲಿಲ್ಲ. ಯಾವುದಕ್ಕೆ ಯಾವ ಹೊತ್ತು, ಯಾವ ನೇಮ ಎಂಬುದು ಆಕೆಗೆ ಚೊಕ್ಕ ಗೊತ್ತಿತ್ತು, ಎರಡನ್ನೂ ಕೆಡಿಸಲಿಲ್ಲ. ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಈ ಡಬ್ಬಿಯ ಸುತ್ತ.

ಎಲ್ಲವೂ ಹೀಗೆ ಸರಳವಿರಲಿಲ್ಲ. ಇದು ನಮ್ಮ ಹಬ್ಬವಲ್ಲ ಅನ್ನುವ ಹುಡುಗರು ಎರಡೂ ಕಡೆ ಇದ್ದರು. ದೂರದಿಂದ ಕಲಿತು ಬಂದದ್ದನ್ನು ಊರಿನ ಹಿರಿಯರ ಮುಂದೆ ಒಪ್ಪಿಸುತ್ತಿದ್ದರು. ಅವರನ್ನೂ ಬರೆದೆ. ಬಿಟ್ಟಿದ್ದರೆ ಅದು ಊರಿನ ಜಾಹೀರಾತಾಗುತ್ತಿತ್ತು.

ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ: ಹಾಗಾದರೆ ಇವರು ಹಿಂದೂಗಳೋ, ಮುಸಲ್ಮಾನರೋ? ಜನಗಣತಿಯವರು ಬಂದಾಗ ಅವರಿಗೆ ಒಂದೇ ಉತ್ತರ ಇರುತ್ತದೆ, ಅದರಲ್ಲಿ ಗೊಂದಲವಿಲ್ಲ. ಮಸೂತಿ ಮುಂದೆ ನಿಂತಾಗ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಅಂದೆ. ಪಾಸಾಯಿತು.

ಈಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಿರುವುದು ಇಕನಾಮಿಕ್ಸಿನ ಪುಣ್ಯದಿಂದ. ಅಪ್ಪ ಗೆದ್ದರು ಅನ್ನಿ. ಸಂಜೆ ಹೊತ್ತು ಪ್ರಬಂಧವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಥಿಯರಿ ಅಧ್ಯಾಯ ಕಿತ್ತುಹಾಕಿದೆ. ರಿವಾಯತ್ ಮೇಳದ ಹಿರಿಯರಿಗೆ ಓದಿ ಹೇಳಿದಾಗ, ನಾನು ಬರೆದುಕೊಂಡ ಪದದಲ್ಲಿ ಒಂದು ನುಡಿ ಬಿಟ್ಟುಹೋಗಿದೆ, ಅದನ್ನು ಸೇರಿಸದೆ ಅಚ್ಚಿಗೆ ಕೊಡಬೇಡ ಅಂದಿದ್ದಾರೆ.